ತಲೆ ಇದೆ, ಓದಲ್ಲ ಅಷ್ಟೇ

ಮೊನ್ನೆ ಮಗನ ಪ್ರೋಗ್ರೆಸ್ ಕಾರ್ಡ್ ಬಂತು. ಕೆಳಗೆ ಕೆಂಪು ಇಂಕಿನಲ್ಲಿ ಒಂದು ಸಾಲು: 'ಸಾಮರ್ಥ್ಯವಿದೆ. ಇನ್ನೂ ಚೆನಾಗಿ ಮಾಡಬಹುದು.' ಪಕ್ಕದ ಬೆಂಚಿನ ಹುಡುಗಿಗೆ ನೂರಕ್ಕೆ 96. ಅವಳ ಕಾರ್ಡಿನಲ್ಲೂ ಇದೇ ಸಾಲಂತೆ. 35 ತಗೊಂಡವನಿಗೂ ಇದೇ.

ಈ ಸಾಮರ್ಥ್ಯವನ್ನು ಯಾರೂ ಕಣ್ಣಾರೆ ಕಂಡಿಲ್ಲ. ಆದರೆ ಅದರಲ್ಲಿ ಎಷ್ಟು ಬಾಕಿ ಇದೆ ಅಂತ ಮಾತ್ರ ಎಲ್ಲರಿಗೂ ಗೊತ್ತು.

ಅಳೆಯೋಕೆ ಹೋದವರೂ ಇದ್ದಾರೆ. ಅಮೆರಿಕದ ಮನಃಶಾಸ್ತ್ರಜ್ಞ ಲೂಯಿಸ್ ಟರ್ಮನ್ 1921ರಲ್ಲಿ ಐಕ್ಯೂ ಪರೀಕ್ಷೆ ಇಟ್ಟು ಮಹಾ ಬುದ್ಧಿವಂತ ಮಕ್ಕಳನ್ನು ಹುಡುಕಲು ಹೊರಟರು. ಸುಮಾರು 1,500 ಮಕ್ಕಳು ಸಿಕ್ಕರು. ಅವರು ದೊಡ್ಡವರಾದ ಮೇಲೂ ಬೆನ್ನು ಬಿಡಲಿಲ್ಲ. ಅವರಲ್ಲಿ ಒಬ್ಬರಿಗೂ ನೊಬೆಲ್ ಬರಲಿಲ್ಲ. ಬಂದದ್ದು ಯಾರಿಗೆ ಗೊತ್ತಾ? ಅದೇ ಪರೀಕ್ಷೆಯಲ್ಲಿ ಅಂಕ ಸಾಲದೆ ಹೊರಗುಳಿದ ಭೌತವಿಜ್ಞಾನಿ ವಿಲಿಯಂ ಶಾಕ್ಲಿಗೆ, 1956ರಲ್ಲಿ. ಹಾಗೇ ಹೊರಗುಳಿದ ಇನ್ನೊಬ್ಬ ಭೌತವಿಜ್ಞಾನಿ ಲೂಯಿ ಆಲ್ವರೆಜ್‌ಗೆ, 1968ರಲ್ಲಿ. ಲೆಕ್ಕದ ಪ್ರಕಾರ ಇಬ್ಬರೂ ಸಾಮರ್ಥ್ಯ ಮೀರಿ ಸಾಧಿಸಿಬಿಟ್ಟರು. ಇದಕ್ಕೆ ಓವರ್‌ಅಚೀವ್‌ಮೆಂಟ್ ಅಂತ ಹೆಸರು ಬೇರೆ. ಎರಡು ಲೀಟರಿನ ಕ್ಯಾನಿನಿಂದ ಮೂರು ಲೀಟರ್ ಸುರಿದ ಹಾಗೆ!

ಇನ್ನು ಅಪ್ಪ ಅಮ್ಮಂದಿರು. 'ನಮ್ಮವನಿಗೆ ತಲೆ ಇದೆ, ಓದಲ್ಲ ಅಷ್ಟೇ' ಅಂತ ಗೋಳಾಡುತ್ತಾರೆ. ಮುಖದಲ್ಲಿ ಮಾತ್ರ ಹೆಮ್ಮೆ. 'ಪಾಪ, ಚೆನ್ನಾಗಿ ಓದುತ್ತಾನೆ, ತಲೆ ಇಲ್ಲ' ಅಂದವರನ್ನು ನಾನಂತೂ ನೋಡಿಲ್ಲ.

ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆ. ಮನಃಶಾಸ್ತ್ರದ ಸಂಶೋಧಕರಾದ ಕ್ಲಾಡಿಯಾ ಮ್ಯೂಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ತೋರಿಸಿದ್ದರು: 'ನೀನು ಜಾಣ' ಅನ್ನಿಸಿಕೊಂಡ ಮಕ್ಕಳಲ್ಲಿ ಹೆಚ್ಚಿನವರು ಆಮೇಲೆ ಸುಲಭದ ಪ್ರಶ್ನೆಗಳನ್ನೇ ಆರಿಸಿಕೊಂಡರು. ಸರಿಯಾಗೇ ಇದೆ ಅಲ್ವಾ? ಓದಿ ಫೇಲಾದರೆ ತಲೆ ಇಲ್ಲ ಅಂತಾಗುತ್ತದೆ. ಓದದೆ ಫೇಲಾದರೆ ತಲೆ ಭದ್ರ. ಪುಸ್ತಕ ತೆರೆಯೋದೇ ಅಪಾಯ.

ನಾನೂ ಈ ಬಂಡವಾಳದಲ್ಲೇ ಬದುಕಿದವನು. ಮೇಷ್ಟ್ರು ಬರೆದದ್ದನ್ನೇ ಈಗ ಬಾಸ್ ಅಪ್ರೈಸಲ್‌ನಲ್ಲಿ ಬರೆಯುತ್ತಾರೆ. ಸಂಬಳ ಜಾಸ್ತಿ ಆಗಲ್ಲ, ಸಾಮರ್ಥ್ಯ ಮಾತ್ರ ವರ್ಷ ವರ್ಷ ಉಳಿದುಕೊಂಡು ಬರುತ್ತಿದೆ.

ಸಹಿ ಹಾಕುವಾಗ ಕಣ್ಣಿಗೆ ಬಿತ್ತು. ಮೇಷ್ಟ್ರು 'ಚೆನಾಗಿ'ಗೆ ಒತ್ತು ಕೊಟ್ಟಿಲ್ಲ. ಪೆನ್ಸಿಲ್ ತಗೊಂಡು ಒತ್ತು ಹಾಕಿ, ಪಕ್ಕದಲ್ಲಿ 'ನೀವೂ' ಅಂತ ಬರೆಯೋಣ ಅನ್ನಿಸಿತು. ಪೆನ್ಸಿಲ್ ಹಿಡಿದು ಸುಮಾರು ಹೊತ್ತು ಕೂತೆ. ಆಮೇಲೆ ಸುಮ್ನೆ ಸಹಿ ಹಾಕಿ ಕೊಟ್ಟೆ.

ಮಗ ನೋಡುತ್ತಲೇ ಇದ್ದ. ಕಾರ್ಡ್ ಬ್ಯಾಗಿಗೆ ಹಾಕಿಕೊಳ್ಳುತ್ತಾ ಅಂದ: 'ಅಪ್ಪಾ, ನಿಂಗೆ ಧೈರ್ಯ ಇದೆ. ಮಾಡಲ್ಲ ಅಷ್ಟೇ.'