ಜನವರಿ ಒಂದರಂದು ಹೂ ಬಿಟ್ಟ ಮುಳ್ಳುಗಿಡ

ಪಾಲಿಯೂರಸ್ ಸ್ಪೈನಾ-ಕ್ರಿಸ್ಟಿ ನಮ್ಮ ಬೋರೆಹಣ್ಣಿನ ವಂಶದ ಗಿಡ. ಗ್ರೀಸ್, ಟರ್ಕಿ, ಬಾಲ್ಕನ್ ಕಡೆಯ ಒಣ ಗುಡ್ಡಗಳಲ್ಲಿ ಬೆಳೆಯುತ್ತದೆ. ಎಲೆಯ ಬುಡದಲ್ಲಿ ಜೋಡಿ ಮುಳ್ಳು: ಒಂದು ನೇರ, ಇನ್ನೊಂದು ಕೊಕ್ಕೆ. ಚಳಿಗಾಲದಲ್ಲಿ ಬೋಳಾಗಿದ್ದು, ಮೇ ತಿಂಗಳ ಹೊತ್ತಿಗೆ ಹಳದಿ ಹೂ ಬಿಡುತ್ತದೆ. ಇದು ಗಿಡದ ಅಭಿಪ್ರಾಯ ಮಾತ್ರ. ದಾಖಲೆ ಒಪ್ಪುವುದಿಲ್ಲ.

ಒಣಗಿಸಿದ ಗಿಡಗಳನ್ನು ಹಾಳೆಗೆ ಅಂಟಿಸಿ ಕಾಪಿಡುವ ಸಂಗ್ರಹಕ್ಕೆ ಹರ್ಬೇರಿಯಂ ಎನ್ನುತ್ತಾರೆ. ಅಂಥ ಹಾಳೆಯ ಚೀಟಿಯಲ್ಲಿ ಗಿಡ ಕೊಯ್ದ ದಿನ ಬರೀ 1889 ಎಂದಿದೆ, ಅದನ್ನು ಕಂಪ್ಯೂಟರಿಗೆ ಏರಿಸಬೇಕು ಎನ್ನಿ. ತಿಂಗಳು, ತಾರೀಖು ತುಂಬದಿದ್ದರೆ ಕಂಪ್ಯೂಟರ್ ಮುಂದಿನ ಪುಟ ತೆರೆಯುವುದಿಲ್ಲ. ಸರಿ, 01-01-1889. ಹಾಳೆಯ ಮೇಲೆ ಹೂಗೊಂಚಲು ಕಣ್ಣಿಗೆ ರಾಚುತ್ತಿದ್ದರೇನು? ಮುಂದೊಂದು ದಿನ ಯಾರೋ ಲೆಕ್ಕ ಹಾಕಿ, ಭೂಮಿ ಬಿಸಿಯಾದ ಮೇಲೆ ಈ ಗಿಡ ನಾಲ್ಕು ತಿಂಗಳು ತಡವಾಗಿ ಹೂ ಬಿಡುತ್ತಿದೆ ಎಂದು ಸಾಬೀತುಪಡಿಸಬಹುದು.

ಸ್ಥಳದ ಕಥೆ ಇನ್ನೂ ಸೊಗಸು. ಚೀಟಿಯಲ್ಲಿ 'ಗ್ರೀಸ್' ಎಂದಷ್ಟೇ ಇದ್ದರೆ ದೇಶದ ನಟ್ಟನಡುವಿನ ಬಿಂದುವನ್ನು ಹಿಡಿದು, ಅದರ ಅಕ್ಷಾಂಶ ರೇಖಾಂಶವನ್ನು ದಶಮಾಂಶದ ಆರು ಅಂಕಿಯವರೆಗೆ ಬರೆಯುತ್ತಾರೆ. ಆರು ಅಂಕಿ ಎಂದರೆ ಸುಮಾರು 11 ಸೆಂಟಿಮೀಟರ್ ನಿಖರತೆ! ಯಾವ ಜಿಲ್ಲೆಯೆಂದು ಗೊತ್ತಿಲ್ಲ, ಯಾವ ಗೇಣೆಂದು ಗೊತ್ತು. ಅಥೆನ್ಸ್‌ನ 37 ಡಿಗ್ರಿ 58 ಮಿನಿಟನ್ನು 37.58 ಎಂದು ಕುಟ್ಟಿದರೆ ಗಿಡ 43 ಕಿಲೋಮೀಟರ್ ದಕ್ಷಿಣಕ್ಕೆ ನಡೆಯುತ್ತದೆ. ಅಕ್ಷಾಂಶ ರೇಖಾಂಶ ಅದಲುಬದಲಾದರೆ ಸೌದಿಯ ಯಾನ್ಬು ಬಂದರಿನಾಚೆ, ಕೆಂಪು ಸಮುದ್ರದಲ್ಲಿ ಈಜುತ್ತದೆ. ಖಾಲಿ ಬಿಟ್ಟಿದ್ದನ್ನು ಸೊನ್ನೆ ಎಂದು ಓದಿಕೊಂಡರೆ ಗಿನಿ ಕೊಲ್ಲಿಯೇ ಗತಿ.

ಹೆಸರಿನಲ್ಲೂ ಹಾಗೆಯೇ. ಸಸ್ಯಶಾಸ್ತ್ರಜ್ಞರಲ್ಲಿ ಲಿನೇಯಸ್ 1753ರಲ್ಲಿ ರ‍್ಯಾಮ್ನಸ್ ಪಾಲಿಯೂರಸ್ ಎಂದ, ಮಿಲ್ಲರ್ 1768ರಲ್ಲಿ ಈಗಿನ ಹೆಸರಿಟ್ಟ, ಗರ್ಟ್ನರ್ ಪಾಲಿಯೂರಸ್ ಆಸ್ಟ್ರಾಲಿಸ್ ಎಂದ. ಒಂದೇ ಪೊದೆಯಿಂದ ಕೊಯ್ದ ಕೊಂಬೆಗಳು ಮೂರು ಸಂಗ್ರಹಾಲಯಗಳಿಗೆ ಹೋಗಿ, ಮೂರು ಹೆಸರಲ್ಲಿ ಮೂರು ಗಿಡಗಳಾಗುತ್ತವೆ. ಸ್ಪೈನಾ-ಕ್ರಿಸ್ಟಿ ಎಂಬ ಬಾಲ ಜಿಜಿಫಸ್ ಕುಲದ ಬೇರೊಂದು ಮರಕ್ಕೂ ಇದೆ. ಬಾಲ ಮಾತ್ರ ನೋಡಿ ದಾಖಲಿಸುವವರಿಂದ ಎತ್ತಿಗೆ ಜ್ವರ, ಎಮ್ಮೆಗೆ ಬರೆ.

ಪಾಪ, ಹಾಳೆ ತಯಾರಿಸಿದ ಕೈಯದ್ದೇನೂ ತಪ್ಪಿಲ್ಲ. ಮುಳ್ಳು ಕಾಗದವನ್ನು ಎತ್ತಿ ಹಿಡಿದರೆ ಎಲೆಗೆ ಒತ್ತು ಬೀಳದೆ ಸುಕ್ಕಾಗುತ್ತದೆಂದು ನಡುವೆ ಸ್ಪಂಜಿನ ಹಾಳೆ ಇಟ್ಟಿದ್ದಾರೆ. ದಪ್ಪ ಕಡ್ಡಿಯನ್ನು ಉದ್ದಕ್ಕೆ ಸೀಳಿ, ಅಂಟಿಗೆ ನಿಲ್ಲದ್ದನ್ನು ದಾರದಿಂದ ಹೊಲಿದಿದ್ದಾರೆ. ಉದುರಿದ ಹಣ್ಣನ್ನು ಪುಟ್ಟ ಕಾಗದದ ಲಕೋಟೆಗೆ ಹಾಕಿ ಪಕ್ಕದಲ್ಲೇ ಅಂಟಿಸಿದ್ದಾರೆ. ಹುಳು ಹಿಡಿಯದಿರಲೆಂದು ಮೈನಸ್ 20 ಡಿಗ್ರಿಗಿಂತ ಕೆಳಗೆ ಹಲವು ದಿನ ಶೈತ್ಯಪೆಟ್ಟಿಗೆಯಲ್ಲಿಟ್ಟಿದ್ದಾರೆ. ಶತಮಾನ ಕಳೆದರೂ ಮುಳ್ಳಿನ ಕೊಕ್ಕೆ ನೆಟ್ಟಗಾಗಿಲ್ಲ.

ಇನ್ನು ನಕ್ಷೆ ಬರೆಯುವ ಪಂಡಿತರು. ಸಮುದ್ರದ ನಡುವೆ ಚುಕ್ಕೆ ಕಂಡರೆ ಅಳಿಸುವುದು ಸುಲಭ. ಗ್ರೀಸಿನದೇ ಮೆಥಾನಾ ಪರ್ಯಾಯ ದ್ವೀಪದ ಹತ್ತಿರ ಜಾರಿದ ಚುಕ್ಕೆ ಯಾರ ಕಣ್ಣಿಗೂ ಬೀಳುವುದಿಲ್ಲ. ಅನಿಶ್ಚಿತತೆ ಎಷ್ಟು ಮೀಟರ್ ಎಂದು ಬರೆಯಲು ಕಾಲಂ ಒಂದಿದೆ. 'ಗ್ರೀಸ್' ಎಂಬ ಚೀಟಿಗೆ ಅಲ್ಲಿ ಲಕ್ಷಗಟ್ಟಲೆ ಮೀಟರ್ ಹಾಕಬೇಕು. ಹಾಕಿದರೆ ದಾಖಲೆ ನಕ್ಷೆಗೆ ಅನರ್ಹ, ವರದಿಯ ಒಟ್ಟು ಸಂಖ್ಯೆಯಲ್ಲಿ ಒಂದು ಖೋತಾ. ಆದ್ದರಿಂದ ಕಡ್ಡಾಯವಲ್ಲದ ಆ ಕಾಲಮ್ಮನ್ನು ಮಾತ್ರ ಎಲ್ಲರೂ ಭಕ್ತಿಯಿಂದ ಖಾಲಿ ಬಿಡುತ್ತಾರೆ.