ಕಿಡ್ನಿ ಕಸಿ ಮತ್ತು ಯೂರಿನ್ ಕಲ್ಚರ್: ಸ್ಪಷ್ಟನೆ

‘ಕಿಡ್ನಿ ಕಸಿ ಆದವರ ಮೂತ್ರದಲ್ಲಿ ಬ್ಯಾಕ್ಟೀರಿಯಾ ಕಂಡರೆ ಕೂಡಲೇ ಆಂಟಿಬಯೋಟಿಕ್ ಶುರು ಮಾಡಿ, ಇಲ್ಲದಿದ್ದರೆ ಕಸಿ ಕಿಡ್ನಿ ಹೋಗುತ್ತದೆ’ ಎಂಬ ಸಂದೇಶ ಶಿವಮೊಗ್ಗ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ಸರಿಯಲ್ಲ. ದಯವಿಟ್ಟು ಮುಂದಕ್ಕೆ ಕಳಿಸಬೇಡಿ.

ಕಸಿಯಾಗಿ ಒಂದು ತಿಂಗಳು ದಾಟಿದ್ದು, ಯಾವ ತೊಂದರೆಯೂ ಇಲ್ಲದಿದ್ದರೆ ಬ್ಯಾಕ್ಟೀರಿಯಾ ಹುಡುಕುವುದೂ ಬೇಡ, ಸಿಕ್ಕಿದ್ದಕ್ಕೆ ಔಷಧಿಯೂ ಬೇಡ ಎನ್ನುತ್ತದೆ ಅಮೆರಿಕದ ಸಾಂಕ್ರಾಮಿಕ ರೋಗ ತಜ್ಞರ ಸಂಘದ 2019ರ ಮಾರ್ಗಸೂಚಿ. ಯೂರಿನ್ ಕಲ್ಚರ್ (ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ) ರಿಪೋರ್ಟಿನಲ್ಲಿ ಬ್ಯಾಕ್ಟೀರಿಯಾ ಎಣಿಕೆ ಮಿಲಿಲೀಟರಿಗೆ ಒಂದು ಲಕ್ಷ ದಾಟಿದ್ದರೂ, ಮೂತ್ರದಲ್ಲಿ ಪಸ್ ಸೆಲ್ಸ್ (ಕೀವಿನ ಕಣಗಳು) ಇದ್ದರೂ ಅಷ್ಟೇ. ಔಷಧಿ ಕೊಟ್ಟರೆ ಮುಂದೆ ಸೋಂಕು ತಪ್ಪುತ್ತದೆ ಎಂಬುದು ಅಧ್ಯಯನಗಳಲ್ಲಿ ಸಾಬೀತಾಗಿಲ್ಲ; ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಮಾತ್ರ ಉಳಿದುಕೊಳ್ಳುತ್ತವೆ. ಮೆಡಿಕಲ್ ಶಾಪಿನಿಂದ ತಂದ ಕ್ಲಾರಿಥ್ರೋಮೈಸಿನ್‌ನಂಥ ಆಂಟಿಬಯೋಟಿಕ್ ಮಾತ್ರೆ, ದೇಹ ಕಸಿ ಕಿಡ್ನಿಯನ್ನು ತಿರಸ್ಕರಿಸದಂತೆ ತಡೆಯುವ ಟ್ಯಾಕ್ರೋಲಿಮಸ್ ಔಷಧಿಯ ಮಟ್ಟವನ್ನು ರಕ್ತದಲ್ಲಿ ಏರಿಸಿ ಕಸಿ ಕಿಡ್ನಿಗೇ ಪೆಟ್ಟು ಕೊಡಬಹುದು.

ಸ್ಯಾಂಪಲ್ಲೂ ಮೋಸ ಮಾಡುತ್ತದೆ. ಹೊಸನಗರದಲ್ಲಿ ಬೆಳಿಗ್ಗೆ ಹಿಡಿದ ಮೂತ್ರ ಬಸ್ಸಿನಲ್ಲಿ ಶಿವಮೊಗ್ಗ ಮುಟ್ಟುವಷ್ಟರಲ್ಲಿ ಡಬ್ಬಿಯೊಳಗೇ ಬ್ಯಾಕ್ಟೀರಿಯಾ ಬೆಳೆದಿರುತ್ತವೆ. ಮೊದಲ ಧಾರೆ ಬಿಟ್ಟು ನಡುವಿನದನ್ನು ಸ್ಟೆರೈಲ್ ಡಬ್ಬಿಯಲ್ಲಿ, ಸಾಧ್ಯವಾದರೆ ಲ್ಯಾಬಿನಲ್ಲೇ ಹಿಡಿದು ಕೊಡಿ. ಎರಡು ಗಂಟೆ ಮೀರುವುದಾದರೆ ಐಸ್ ಪ್ಯಾಕ್ ಜೊತೆ ಒಯ್ಯಿರಿ.

ಜ್ವರ, ಚಳಿ, ಉರಿಮೂತ್ರ, ಕಸಿ ಕಿಡ್ನಿ ಇರುವ ಕೆಳಹೊಟ್ಟೆಯಲ್ಲಿ ನೋವು, ಮೂತ್ರ ಕಡಿಮೆಯಾಗುವುದು, ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ತೋರಿಸುವ ರಕ್ತಪರೀಕ್ಷೆಯ ಅಂಶ) ಏರಿಕೆ: ಇವುಗಳಲ್ಲಿ ಒಂದಿದ್ದರೂ ಲೆಕ್ಕ ಬೇರೆ. ಅಂದೇ ಕಸಿ ವೈದ್ಯರಿಗೆ ತಿಳಿಸಿ. ಮೊದಲ ತಿಂಗಳಲ್ಲಿರುವವರು, ಗರ್ಭಿಣಿಯರು, ಮೂತ್ರನಾಳದ ಶಸ್ತ್ರಚಿಕಿತ್ಸೆಗೆ ಹೊರಟವರ ವಿಷಯವನ್ನೂ ಕಸಿ ವೈದ್ಯರೇ ತೀರ್ಮಾನಿಸಬೇಕು. ಹಾಗೆಯೇ, ಶ್ವಾಸಕೋಶದ ಸೋಂಕು ತಡೆಯಲು ಅವರು ಕೊಟ್ಟಿರುವ ಕೋಟ್ರೈಮಾಕ್ಸಜೋಲ್ ಎಂಬ ಆಂಟಿಬಯೋಟಿಕ್ ಮಾತ್ರೆಯನ್ನು ಇದನ್ನು ಓದಿ ನಿಲ್ಲಿಸಬೇಡಿ.