ದಾಸ್ತೋವ್‌ಸ್ಕಿಯ ಸಾಲ, ನಮ್ಮವರ ಸಂಕೋಚ

ರಷ್ಯಾದ ಪೀಟರ್ಸ್‌ಬರ್ಗಿನವರ ಒಂದು ಗುಣ ನನಗೆ ತುಂಬ ಹಿಡಿಸಿದೆ. ತಮ್ಮ ದೊಡ್ಡ ಲೇಖಕನ ಸಾಲವನ್ನು ಇವರು ಮುಚ್ಚಿಡುವುದಿಲ್ಲ. ದಾಸ್ತೋವ್‌ಸ್ಕಿ ಅಂದರೆ ಸಾಕು, ಆಫೀಸಿನಲ್ಲಿ ಪಕ್ಕದ ಮೇಜಿನವನೂ ಅವನ ಜೂಜಿನ ಕತೆ ಶುರು ಮಾಡುತ್ತಾನೆ. ಅದರಲ್ಲಿ ಅಗೌರವ ಇಲ್ಲ, ಸಲುಗೆ ಇದೆ. ನಮ್ಮಲ್ಲಿ ಹಾಗಲ್ಲ. ನಾಲ್ಕು ಪುಸ್ತಕ ಹೆಸರು ಮಾಡಿದವೋ, ಬರೆದವರು ಋಷಿ ಆಗಿಬಿಡುತ್ತಾರೆ. ಆಮೇಲೆ ಅವರ ಮನೆ ಬಾಡಿಗೆ ಯಾರು ಕಟ್ಟುತ್ತಿದ್ದರು ಅಂತ ಕೇಳುವುದೂ ತಪ್ಪು.

ದಾಸ್ತೋವ್‌ಸ್ಕಿಯದು ಸಣ್ಣ ಸಾಲವೇನಲ್ಲ. 1864ರಲ್ಲಿ ಅಣ್ಣ ಮಿಖಾಯಿಲ್ ತೀರಿಕೊಂಡಾಗ ಅಣ್ಣ ತಮ್ಮ ಸೇರಿ ನಡೆಸುತ್ತಿದ್ದ ಪತ್ರಿಕೆಯ ಸಾಲವೂ ಅಣ್ಣನ ಸಂಸಾರವೂ ಇವನ ತಲೆಗೆ ಬಂದವು. ಮರುವರ್ಷ ಸ್ಟೆಲೊವ್‌ಸ್ಕಿ ಎಂಬ ಪ್ರಕಾಶಕನ ಜೊತೆ 3000 ರೂಬಲ್‌ಗೆ ಕರಾರು ಮಾಡಿಕೊಂಡ. 1866ರ ನವೆಂಬರ್ 1ರೊಳಗೆ ಹೊಸ ಕಾದಂಬರಿ ಕೊಡಬೇಕು. ತಪ್ಪಿದರೆ ಒಂಬತ್ತು ವರ್ಷ ಇವನು ಬರೆದದ್ದನ್ನೆಲ್ಲ ಪ್ರಕಾಶಕ ಬಿಟ್ಟಿ ಅಚ್ಚು ಹಾಕಬಹುದು! ಅಕ್ಟೋಬರ್ ಬಂತು, ಕಾದಂಬರಿ ಇಲ್ಲ. ಆಗ ಶೀಘ್ರಲಿಪಿ ಕಲಿತಿದ್ದ ಇಪ್ಪತ್ತರ ಹುಡುಗಿ ಅನ್ನಾ ಬಂದಳು. ಅವನು ಹೇಳಿದ, ಅವಳು ಬರೆದುಕೊಂಡಳು. 26 ದಿನದಲ್ಲಿ ‘ಜೂಜುಕೋರ’ ಮುಗಿಯಿತು. ಕೊಡಲು ಹೋದರೆ ಪ್ರಕಾಶಕ ಊರಲ್ಲೇ ಇಲ್ಲ. ಹಸ್ತಪ್ರತಿಯನ್ನು ಪೊಲೀಸ್ ಠಾಣೆಯಲ್ಲಿ ಕೊಟ್ಟು ರಸೀದಿ ತಗೊಂಡ.

ಅದೇ ವರ್ಷ ಬಂದ ‘ಅಪರಾಧ ಮತ್ತು ಶಿಕ್ಷೆ’ಯ ಶುರುವಿನಲ್ಲಿ ನಾಯಕ ರಸ್ಕಾಲ್ನಿಕೋವ್ ಅಪ್ಪನ ಹಳೇ ಗಡಿಯಾರ ಅಡವಿಡುತ್ತಾನೆ. ಕೇಳಿದ್ದು ನಾಲ್ಕು ರೂಬಲ್. ಗಿರವಿ ಹಿಡಿಯುವ ಮುದುಕಿ ಒಪ್ಪಿದ್ದು ಒಂದೂವರೆ. ಅದರಲ್ಲೂ ಮುಂಗಡ ಬಡ್ಡಿ, ಹಳೇ ಬಾಕಿಯ ಬಡ್ಡಿ ಮುರಿದು ಕೈಗಿಟ್ಟದ್ದು 1 ರೂಬಲ್ 15 ಕೊಪೆಕ್. ಈ ಲೆಕ್ಕ ಸುಮ್ನೆ ಕಲ್ಪನೆಯಿಂದ ಬಂದದ್ದಲ್ಲ ಅಂತ ಇಲ್ಲಿ ಎಲ್ಲರಿಗೂ ಗೊತ್ತು.

1867ರಲ್ಲಿ ಅನ್ನಾಳನ್ನೇ ಮದುವೆಯಾದ. ಸಾಲ ಕೊಟ್ಟವರ ಕಾಟಕ್ಕೆ ಇಬ್ಬರೂ ನಾಲ್ಕು ವರ್ಷ ಪರದೇಶದಲ್ಲಿ ಅಲೆದರು. ಅಲ್ಲಿ ಅವಳ ಒಡವೆ, ಬಟ್ಟೆ ಅಡವಿಟ್ಟೂ ಜೂಜಾಡಿದ. ಜೂಜು ಬಿಟ್ಟಿದ್ದು 1871ರಲ್ಲಿ. ನನಗೆ ಕೇಳಿದರೆ ಈ ಕತೆಯ ನಾಯಕಿ ಅನ್ನಾ. ಪ್ರೆಸ್ಸಿಗೆ ಹೋಗಿ ಕಾಗದದ ದರ, ಅಂಗಡಿಯವರ ಕಮಿಷನ್ ಎಲ್ಲ ತಿಳಿದುಕೊಂಡು 1873ರಲ್ಲಿ ‘ದೆವ್ವಗಳು’ ಕಾದಂಬರಿಯನ್ನು ತಾವೇ ಪ್ರಕಟಿಸಿ ಮನೆಯಿಂದಲೇ ಮಾರಿದಳು. ಅಂಗಡಿ ಹುಡುಗರು ಬಾಗಿಲಲ್ಲಿ ನಿಂತು ‘ಹತ್ತು ದೆವ್ವ ಕೊಡಿ’ ಅನ್ನುತ್ತಿದ್ದರಂತೆ. ಕುಜ್ನೆಚ್ನಿ ಗಲ್ಲಿಯ ಅವರ ಕೊನೇ ಮನೆ 1971ರಿಂದ ಮ್ಯೂಸಿಯಂ. ಅಲ್ಲಿ ಅವಳಿಗೂ ಒಂದು ಕೋಣೆ, ಒಂದು ಮೇಜು ಇದೆ.

ಇಲ್ಲಿನವರದೆಲ್ಲ ಸರಿ ಅಂತಲ್ಲ. ಜೂಜಿನ ಕತೆ ನಗುತ್ತಾ ಹೇಳುವವರೇ, ಯಹೂದಿಗಳ ಬಗ್ಗೆ ಅವನು ಬರೆದ ಕಹಿ ಮಾತು ಎತ್ತಿದರೆ ವಿಷಯ ಬದಲಿಸುತ್ತಾರೆ.

ಮನೆ ಉಳಿಸಿಕೊಳ್ಳುವುದರಲ್ಲಿ ನಾವೂ ಕಡಿಮೆಯಿಲ್ಲ. ಕುಪ್ಪಳಿಯ ಕವಿಮನೆ ನೋಡಿ, ಎಷ್ಟು ಅಚ್ಚುಕಟ್ಟು! ಆದರೆ ಗಳಗನಾಥರು ಪುಸ್ತಕ ಹೊತ್ತು ಊರೂರು ತಿರುಗಿ ಮಾರಿದ್ದನ್ನು ತ್ಯಾಗ ಅಂತ ಹೊಗಳಿ ಮುಗಿಸುತ್ತೇವೆ. ಅಚ್ಚಿಗೆ ಎಷ್ಟಾಯಿತು, ಎಷ್ಟು ವಾಪಸ್ ಬಂತು, ಅಷ್ಟು ದಿನ ಮನೆ ಹೇಗೆ ನಡೆಯಿತು? ಯಾರೂ ಕೇಳುವುದಿಲ್ಲ. ಲೇಖಕರ ಮನೆಯಾಕೆಗೆ ಮುನ್ನುಡಿಯ ಕೊನೆಯಲ್ಲಿ ಒಂದು ಸಾಲು ಸಿಕ್ಕರೆ ಅದೇ ಜಾಸ್ತಿ. ನಮ್ಮ ಯಾವುದಾದರೂ ಒಂದು ಸ್ಮಾರಕದಲ್ಲಿ ಕನ್ನಡಕ, ಪೆನ್ನು, ಶಾಲಿನ ಪಕ್ಕ ಪ್ರೆಸ್ಸಿನ ಬಾಕಿ ಚೀಟಿಯನ್ನೂ ಇಡಲಿ. ಅದನ್ನು ತೀರಿಸಿದವರ ಹೆಸರನ್ನೂ ಬರೆಯಲಿ.